ನಮ್ಮವರ ನೆನಪು ಉಳಿಯೋಕೆ ಏನು ಮಾಡಬೇಕು?

ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ದನಿ, ಪತ್ರ, ಫೋಟೋ ಎಲ್ಲ ಒಂದು ಕಡೆ ಸೇರಿಸಿಟ್ಟೆ. ಇದು ಗೊತ್ತಿರುವವರೆಲ್ಲ ಕೇಳುವುದು ಒಂದೇ: "ನಮ್ಮವರ ನೆನಪು ಉಳಿಯೋಕೆ ನಾವೇನು ಮಾಡಬೇಕು? ಅವರ ಹೆಸರಲ್ಲಿ ದತ್ತಿ ಇಡೋಣವಾ?" ಇಡಿ, ಒಳ್ಳೆಯದೇ. ಆದರೆ ಅದಕ್ಕೂ ಮೊದಲು ಅವರ ದನಿ ಎಲ್ಲಾದರೂ ಇದೆಯಾ ಅಂತ ಹುಡುಕಿ.

ಮುಖ ನೋಡೋಕೆ ಫೋಟೋ ಇರುತ್ತದೆ. ದನಿ ಮಾತ್ರ ನಮಗೇ ಗೊತ್ತಾಗದ ಹಾಗೆ ಮರೆತುಹೋಗುತ್ತದೆ. ದೊಡ್ಡಮ್ಮ ನಮಗೆ ಕಥೆ ಓದಿ ಹೇಳಿದ್ದ 60 ನಿಮಿಷದ ಒಂದು ಕ್ಯಾಸೆಟ್ ಇತ್ತು. ಚಿಕ್ಕವನಿದ್ದಾಗ ನಾನೇ ಅದರ ಒಂದು ಬದಿಯ ಮೇಲೆ ಹಾಡು ರೆಕಾರ್ಡ್ ಮಾಡಿಬಿಟ್ಟೆ. ಕ್ಯಾಸೆಟ್ಟಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವನ್ನು ಮುರಿದಿದ್ದರೆ ಅದರ ಮೇಲೆ ರೆಕಾರ್ಡ್ ಆಗುತ್ತಲೇ ಇರಲಿಲ್ಲ. ಆ 30 ನಿಮಿಷ ಇನ್ನು ಸಿಗುವುದಿಲ್ಲ. ಈ ಸಂಕಟ ಇವತ್ತಿಗೂ ಹೋಗಿಲ್ಲ.

ಉಳಿದ ಬದಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ನಿಮ್ಮ ಹತ್ತಿರ ಕ್ಯಾಸೆಟ್ ಇದ್ದರೆ ತಡ ಮಾಡಬೇಡಿ, ವರ್ಷ ಕಳೆದಂತೆ ಟೇಪು ಕೆಡುತ್ತದೆ. ನಮ್ಮದರಲ್ಲಿ ಕಥೆ ನಡುವೆ ನಿಂತುಬಿಡುತ್ತದೆ. ಕುರ್ಚಿ ಕಿರ್ ಅನ್ನುತ್ತದೆ. "ಇರ್ರೋ, ಕನ್ನಡಕ ಎಲ್ಲಿಟ್ಟೆ ನಾನು?" ಅಂತಾರೆ ದೊಡ್ಡಮ್ಮ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಜೋರಾಗಿ ನಗುತ್ತಾರೆ, ಪುಟ ತಿರುಗಿದ ಸದ್ದು, ಮತ್ತೆ ಕಥೆ. ಆ ತುಂಡು ಕತ್ತರಿಸಿಬಿಡು, ಕಥೆ ಚೆನ್ನಾಗಿ ಕೇಳುತ್ತೆ ಅಂದವರಿದ್ದಾರೆ. ನಾನು ಕತ್ತರಿಸಲಿಲ್ಲ. ಕಥೆ ಯಾರು ಬೇಕಾದರೂ ಓದಬಹುದು ಅಲ್ವಾ? ಆ ನಗು ಅವರೊಬ್ಬರದೇ.

ಫೋಟೋಗಳಲ್ಲಿ ಇರುವವರು ಯಾರು ಅಂತ ಹೇಳಬಲ್ಲ ಹಿರಿಯರು ಇರುವಾಗಲೇ ಕೂತು ಕೇಳಿ. ಹೆಸರನ್ನು ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಅಚ್ಚು ಮುಂದಕ್ಕೆ ಮೂಡುತ್ತದೆ. ಹರಿದ ಪತ್ರಕ್ಕೆ ಸೆಲ್ಲೋಟೇಪ್ ಬೇಡ, ಅಂಟು ಹಳದಿಯಾಗಿ ಕಾಗದಕ್ಕೇ ಕಲೆ ಕೂರುತ್ತದೆ. ಚಿಕ್ಕ ಫೋಟೋ ಸ್ಕ್ಯಾನ್ ಮಾಡುವಾಗ ಸ್ಪಷ್ಟತೆಯ ಅಳತೆಯನ್ನು (ಡಿಪಿಐ) 600ಕ್ಕೆ ಇಡಿ. ಮೂರು ಪ್ರತಿ ಮಾಡಿ, ಒಂದು ಬೇರೆಯವರ ಮನೆಯಲ್ಲಿರಲಿ.

ಇನ್ನೊಂದು ಮಾತು. ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ತಂಗಿಯ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು. ಅದನ್ನೂ ನಾನು ಬರೆದಿಟ್ಟಿದ್ದೇನೆ. ಬರೀ ದೇವರಂಥವರು ಅಂತ ಬರೆದಿದ್ದರೆ ಅವರನ್ನು ನೋಡದ ಮಕ್ಕಳಿಗೆ ಏನು ಸಿಗುತ್ತಿತ್ತು?

ನನ್ನ ಮಗಳು ಅವರನ್ನು ನೋಡಿಲ್ಲ. ಮೊನ್ನೆ ಆ ರೆಕಾರ್ಡಿಂಗ್ ಕೇಳಿಸಿದೆ. ಕಥೆ ಮುಗಿಯೋವರೆಗೂ ಸುಮ್ನೆ ಕೂತಿದ್ದಳು. ಆಮೇಲೆ ಕೇಳಿದಳು, "ಅಪ್ಪಾ, ಅವರ ಕನ್ನಡಕ ಎಲ್ಲಿತ್ತು?"

"ನಾನೇ ಹಾಕ್ಕೊಂಡು ಕೂತಿದ್ದೆ ಪುಟ್ಟಿ" ಅಂದೆ.