ಸ್ಲಡ್ಜ್ ಎಲ್ಲಿ ಹೋಯ್ತು ಅಂತ ಮೊದಲು ಕೇಳಿ

ನದಿ ಶುದ್ಧೀಕರಣ ಯೋಜನೆಗಳ ಹಣದಲ್ಲಿ ಕಟ್ಟಿದ ಎಸ್‌ಟಿಪಿಗಳನ್ನು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು, ತಪಾಸಣೆ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರು ಘಟಕದೊಳಗೆ ಕಾಲಿಟ್ಟ ಕೂಡಲೇ ಔಟ್‌ಲೆಟ್ ಕಡೆ ಹೋಗುತ್ತಾರೆ. ತಿಳಿಯಾದ ನೀರನ್ನು ಬಾಟಲಿಗೆ ತುಂಬಿಸಿ, ಬೆಳಕಿಗೆ ಹಿಡಿದು, ಫೋಟೋ ತೆಗೆದು, ಚೆನ್ನಾಗಿದೆ ಸಾರ್ ಅನ್ನುತ್ತಾರೆ. ನಾನು ಅವರನ್ನು ಮೊದಲು ಹಿತ್ತಲ ಕಡೆ ಕಳಿಸುತ್ತೇನೆ. ಸ್ಲಡ್ಜ್, ಅಂದರೆ ಕೊಳಚೆ ಶುದ್ಧ ಮಾಡಿದಾಗ ಉಳಿಯುವ ಕೆಸರು, ಒಣಗಿಸುವ ಬೆಡ್ ಇರೋದು ಅಲ್ಲಿ.

ಲೆಕ್ಕ ಸುಲಭ. ನೀರಿನಲ್ಲಿ ಕೊಳೆ ಎಷ್ಟಿದೆ ಅನ್ನೋದನ್ನು, ಅದನ್ನು ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾದ ಆಮ್ಲಜನಕದ ಲೆಕ್ಕದಲ್ಲಿ ಹೇಳುವ ಅಳತೆ ಬಿಒಡಿ. ಕೊಳಚೆ ನೀರಿನ ಬಿಒಡಿ ಲೀಟರಿಗೆ 200 ಮಿಲಿಗ್ರಾಂ ಇದೆ ಅಂದುಕೊಳ್ಳಿ. ದಿನಕ್ಕೆ 10 ಎಂಎಲ್‌ಡಿ, ಅಂದರೆ ಒಂದು ಕೋಟಿ ಲೀಟರ್, ಬಂದರೆ ಅದರಲ್ಲಿ 2,000 ಕೆ.ಜಿ. ಬಿಒಡಿ ಇರುತ್ತದೆ. ಗಾಳಿ ಊದುವ ಏರೇಷನ್ ಟ್ಯಾಂಕಿನ ಬ್ಯಾಕ್ಟೀರಿಯಾ ಅದನ್ನು ತಿಂದು ತಾವೇ ಬೆಳೆಯುತ್ತವೆ. ಹೀಗೆ ಬ್ಯಾಕ್ಟೀರಿಯಾ ಬೆಳೆಸಿ ಕೆಲಸ ಮಾಡಿಸುವ ಮಾಮೂಲಿ ಆಕ್ಟಿವೇಟೆಡ್ ಸ್ಲಡ್ಜ್ ಘಟಕದಲ್ಲಿ ಅರ್ಧದಷ್ಟಾದರೂ ಒಣ ಸ್ಲಡ್ಜ್ ಆಗಿ ಕೂರುತ್ತದೆ. ನೀರು ಹಿಂಡಿದ ಮೇಲೂ ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ ಇರುವುದರಿಂದ, ದಿನಕ್ಕೆ ಏನಿಲ್ಲವೆಂದರೂ ಐದು ಟನ್ ಹೊರಗೆ ಹೋಗಬೇಕು. ಅಂದರೆ ದಿನಾ ಟ್ರಾಕ್ಟರ್ ಬರಬೇಕು. ಬರದಿದ್ದರೆ ಇಷ್ಟೂ ಎಲ್ಲಿ ಹೋಯಿತು? ಆವಿಯಾಗಲ್ಲ. ಒಂದೋ ಒಳಗೆ ಬರುವ ನೀರೇ ಕಡಿಮೆ, ಇಲ್ಲವೇ ಶುದ್ಧೀಕರಣ ನಡೀತಿಲ್ಲ, ಇಲ್ಲವೇ ಸ್ಲಡ್ಜ್ ಒಳಗೇ ತುಂಬಿಕೊಂಡು ಜೋರು ಮಳೆ ಬಂದ ದಿನ ಅದನ್ನು ತಳಕ್ಕೆ ಕೂರಿಸುವ ಕ್ಲಾರಿಫೈಯರ್ ಟ್ಯಾಂಕ್ ದಾಟಿ ಸೀದಾ ನದಿಗೆ ಹೋಗುತ್ತಿದೆ.

ಒಂದು ಘಟಕದಲ್ಲಿ, ಹೆಸರು ಬೇಡ, ಬೆಡ್ ತುಂಬಾ ಟೊಮೆಟೊ ಗಿಡ ಬೆಳೆದಿದ್ದವು. ಇದರಲ್ಲಿ ಆಶ್ಚರ್ಯ ಏನಿಲ್ಲ, ಟೊಮೆಟೊ ಬೀಜ ನಮ್ಮ ಹೊಟ್ಟೆ ದಾಟಿ ಚರಂಡಿ ಸೇರಿದರೂ ಸಾಯಲ್ಲ, ಸ್ಲಡ್ಜಿನಲ್ಲಿ ಸೊಗಸಾಗಿ ಮೊಳೆಯುತ್ತದೆ. ಆದರೆ ಅಲ್ಲಿ ಗಿಡ ಸೊಂಟದೆತ್ತರ ಬೆಳೆದು ಹಣ್ಣು ಬಿಟ್ಟಿತ್ತು. ಆ ಬೆಡ್‌ಗೆ ತಿಂಗಳುಗಟ್ಟಲೆ ಯಾರೂ ಸ್ಲಡ್ಜ್ ಬಿಟ್ಟಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಲಾಗ್‌ಬುಕ್ಕಿನಲ್ಲಿ ಮಾತ್ರ ಔಟ್‌ಲೆಟ್ ಬಿಒಡಿ ದಿನಾ 8, 8, 8. ಭಾನುವಾರದ ಸ್ಯಾಂಪಲ್ಲಿನ ಬಿಒಡಿಯನ್ನು ಸೋಮವಾರ ಬೆಳಿಗ್ಗೆಯೇ ಬರೆದಿದ್ದರು. ನಮ್ಮಲ್ಲಿ ಬಿಒಡಿ ಪರೀಕ್ಷೆಗೆ ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು, ಮರುದಿನವೇ ಅಂಕಿ ಬಂತು ಅಂದರೆ ಅದು ಲ್ಯಾಬಿನಿಂದ ಬಂದಿದ್ದಲ್ಲ.

ಇದಕ್ಕೆ ಆಪರೇಟರ್‌ನನ್ನು ಬೈಯುವುದು ಸುಮ್ನೆ ವ್ಯರ್ಥ. ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಓಡಿಸಿದರೆ ಕರೆಂಟ್ ಬಿಲ್ ಏರುತ್ತದೆ, ಸ್ಲಡ್ಜ್ ಸಾಗಿಸಿದರೆ ಡೀಸೆಲ್ ಖರ್ಚು, ಎರಡೂ ಮಾಡದಿದ್ದರೆ ಯಾರೂ ಕೇಳಲ್ಲ. ನದಿ ಯೋಜನೆಗಳ ಹಳೇ ರೋಗವೇ ಇದು. 1986ರಲ್ಲಿ ಗಂಗಾ ಕ್ರಿಯಾ ಯೋಜನೆ ಶುರುವಾದಾಗ ಕೇಂದ್ರದ ದುಡ್ಡಿನಲ್ಲಿ ಘಟಕಗಳು ಎದ್ದವು, ನಡೆಸುವ ಹೊರೆ ರಾಜ್ಯಗಳ ಮೇಲೆ, ಸ್ಥಳೀಯ ಸಂಸ್ಥೆಗಳ ಮೇಲೆ ಬಿತ್ತು. ಕರೆಂಟ್ ಹೋದರೆ ಪಂಪು ನಿಂತಿತು, ಪಂಪು ನಿಂತರೆ ಕೊಳಚೆ ಹಳೇ ದಾರಿಯಲ್ಲೇ ನದಿಗೆ ಇಳಿಯಿತು. ಬ್ಲೋವರ್ ದಿನಗಟ್ಟಲೆ ನಿಂತರೆ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಬೆಳೆಸೋಕೆ ವಾರಗಳೇ ಬೇಕು.

2015ರಲ್ಲಿ 20,000 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕ ನಮಾಮಿ ಗಂಗೆಯಲ್ಲಿ ಇದಕ್ಕೊಂದು ಮದ್ದು ಹುಡುಕಿದರು. ಹೈಬ್ರಿಡ್ ಆನ್ಯುಟಿ ಅಂತಾರೆ. ಕಟ್ಟುವಾಗ ಗುತ್ತಿಗೆದಾರರಿಗೆ ಸಿಗೋದು ವೆಚ್ಚದ ಶೇ. 40 ಮಾತ್ರ, ಉಳಿದ ಶೇ. 60 ಘಟಕ ನಡೆಸುತ್ತಾ 15 ವರ್ಷದಲ್ಲಿ ಕಂತಾಗಿ ಬರುತ್ತದೆ, ಅದೂ ನೀರಿನ ಗುಣಮಟ್ಟ ಸರಿಯಿದ್ದರೆ. ನನ್ನ ಪ್ರಕಾರ ಈ ಎಲ್ಲ ಯೋಜನೆಗಳಲ್ಲಿ ಮಾಡಿದ ಅತಿ ಬುದ್ಧಿವಂತ ಕೆಲಸ ಇದೇ. ಘಾಟ್‌ಗಳಿಗೆ ಬಳಿದ ಬಣ್ಣಕ್ಕಿಂತ ಈ ಒಂದು ಷರತ್ತು ಜಾಸ್ತಿ ಕೆಲಸ ಮಾಡುತ್ತದೆ.

ಆದರೂ ದೇಶದ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿ ಪ್ರಕಾರ ನಗರಗಳಿಂದ ದಿನಕ್ಕೆ 72,368 ಎಂಎಲ್‌ಡಿ ಕೊಳಚೆ ಬರುತ್ತಿತ್ತು. ಕಟ್ಟಿದ್ದ ಸಾಮರ್ಥ್ಯ 31,841. ಚಾಲೂ ಇದ್ದದ್ದು 26,869. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,235. ಕಟ್ಟಿದ್ದರಲ್ಲೇ ಮೂರನೇ ಒಂದು ಪಾಲು ಸುಮ್ನೆ ಕೂತಿತ್ತು ಅಂತಾಯಿತಲ್ವಾ? ಎಷ್ಟೋ ಕಡೆ ಘಟಕ ಸಿದ್ಧವಿದ್ದರೂ ಮನೆಗಳಿಂದ ಯುಜಿಡಿ, ಅಂದರೆ ಒಳಚರಂಡಿ, ಸಂಪರ್ಕವೇ ಆಗಿರಲ್ಲ.

ಇನ್ನೊಂದು ಪರೀಕ್ಷೆ ಕಲಿತುಕೊಳ್ಳಿ, ಖರ್ಚಿಲ್ಲ. ಏರೇಷನ್ ಟ್ಯಾಂಕಿನಿಂದ ಒಂದು ಲೀಟರ್ ನೀರನ್ನು ಅಳತೆ ಜಾಡಿಗೆ ತುಂಬಿಸಿ ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ಆರೋಗ್ಯವಾಗಿದ್ದರೆ ಕಂದು ಬಣ್ಣದ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಒಟ್ಟಾಗಿ ಕೆಳಗಿಳಿಯುತ್ತವೆ, ಮೇಲೆ ತಿಳಿ ನೀರು ನಿಲ್ಲುತ್ತದೆ. ಕೆಳಗೆ ಕೂತಿದ್ದು 200ರಿಂದ 300 ಮಿ.ಲೀ. ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತಳದಲ್ಲಿ ಬೆರಳಗಲವೂ ಇಲ್ಲದಿದ್ದರೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾನೇ ಇಲ್ಲ, ಬರೀ ಗಾಳಿ ಊದುತ್ತಿದ್ದಾರೆ. ಕಪ್ಪಾಗಿದ್ದು ಕೊಳೆತ ಮೊಟ್ಟೆ ನಾತ ಹೊಡೆದರೆ ಬ್ಲೋವರ್ ನಿಮ್ಮ ಕಾರು ಗೇಟಿಗೆ ಬಂದಾಗ ಆನ್ ಆಗಿದೆ. ಸರಿಯಾಗಿ ನಡೆಯೋ ಟ್ಯಾಂಕು ನಾರಲ್ಲ, ಒದ್ದೆ ಮಣ್ಣಿನ ವಾಸನೆ ಬರುತ್ತದೆ.

ಇನ್ನು ಟ್ರಾಕ್ಟರ್ ದಿನಾ ಬರುತ್ತಿದೆ ಅಂತ ಖುಷಿಪಟ್ಟು ಎದ್ದು ಬರಬೇಡಿ. ಅದು ಎಲ್ಲಿಗೆ ಹೋಗುತ್ತದೆ ಅಂತ ಡ್ರೈವರ್ ಅಣ್ಣನನ್ನೇ ಕೇಳಿ, ಆಫೀಸಿನವರಿಗಿಂತ ಸರಿಯಾಗಿ ಹೇಳುತ್ತಾನೆ. ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿದ್ದರೆ ಭಾರ ಲೋಹಗಳ ರಿಪೋರ್ಟ್ ತೋರಿಸಿ ಅನ್ನಿ. ಊರಲ್ಲಿ ಪ್ಲೇಟಿಂಗ್, ಅಂದರೆ ಲೋಹದ ಲೇಪ, ಮಾಡುವ ಸಣ್ಣ ಘಟಕಗಳಿದ್ದು, ಅವು ರಾತ್ರಿ ಹೊತ್ತು ಯುಜಿಡಿಗೆ ನೀರು ಬಿಡುತ್ತಿದ್ದರೆ, ಕ್ರೋಮಿಯಂ, ನಿಕ್ಕಲ್ ಎಲ್ಲ ಬಹುಪಾಲು ಈ ಸ್ಲಡ್ಜಿಗೇ ಬಂದು ಸೇರುತ್ತದೆ. ರಿಪೋರ್ಟ್ ಇಲ್ಲ ಅಂದರೆ ಅವತ್ತಿನ ಲೋಡ್ ನಿಲ್ಲಿಸಿ, ಸ್ಯಾಂಪಲ್ ತಗೊಂಡು ಬನ್ನಿ.