ಭರಣಿ ಮಳೆ, ನಂದಿ ಬೆಟ್ಟ, ಪಕ್ಕದ ಬೆಂಗಳೂರು

ಭರಣಿ, ಕೃತ್ತಿಕೆಯಲ್ಲಿ ಚಿಕ್ಕಬಳ್ಳಾಪುರ ಕಡೆ ಒಂದೂರಿನ ಕೃಷಿ ಹೊಂಡ ತುಂಬಿ ಹರಿದರೆ, ನಾಲ್ಕು ಕಿಲೋಮೀಟರ್ ಆಚೆ ಧೂಳೂ ಅಡಗಿರುವುದಿಲ್ಲ. ‘ಬೆಟ್ಟ ಮಳೆ ಎಳ್ಕೊಂತು’ ಅಂತ ಒಬ್ಬರು, ‘ಬೆಂಗಳೂರಿನ ಬಿಸಿಗೆ ಮೋಡ ಓಡೋಯ್ತು’ ಅಂತ ಇನ್ನೊಬ್ಬರು. ಎರಡರಲ್ಲೂ ಅರ್ಧ ನಿಜವಿದೆ.

ಮೊದಲು ಬೆಟ್ಟ. ಮೋಡದ ತಳ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಎಂದು ಅಂದಾಜಿಸಲು ಸುಲಭದ ಲೆಕ್ಕವಿದೆ: ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿ ತಣಿಯುತ್ತಾ ಅದರ ತೇವ ಹನಿಗಟ್ಟತೊಡಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿ. ಮಧ್ಯಾಹ್ನ 34 ಡಿಗ್ರಿ, ಇಬ್ಬನಿ ಬಿಂದು 18 ಇದ್ದರೆ ನೆಲದಿಂದ 2000 ಮೀಟರ್. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಕೆಳಗಿನ ಬಯಲೇ 900 ಮೀಟರ್ ದಾಟಿದೆ. ಉಳಿಯುವುದು 600 ಮೀಟರಿಗೂ ಕಡಿಮೆ. ಅಷ್ಟು ಏರಿದ ಗಾಳಿ ಆರು ಡಿಗ್ರಿಯೂ ತಣಿಯುವುದಿಲ್ಲ. ಮುಂಗಾರಿನಲ್ಲಿ ಪಶ್ಚಿಮ ಘಟ್ಟ ಗಾಳಿಯನ್ನು ಗೋಡೆಯಂತೆ ತಡೆದು ಮೇಲೆತ್ತುತ್ತದಲ್ಲ, ಆ ಕೆಲಸ ನಂದಿ, ಸ್ಕಂದಗಿರಿಯಿಂದ ಆಗದು.

ನಮ್ಮ ಬೆಟ್ಟಗಳದು ಬೇರೆ ಕಸುಬು. ಬರಿ ಬಂಡೆ ಬೆಳಿಗ್ಗೆಯಿಂದ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ, ಅದೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿಗಿಂತ ಬಿಸಿಯಾಗಿ ಮೇಲೇಳುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲ ಕಣಿವೆಗಳಿಂದ ಗಾಳಿ ಹತ್ತಿ ಬರುತ್ತದೆ. ನಾಲ್ಕೂ ದಿಕ್ಕಿನ ಗಾಳಿ ತುದಿಯಲ್ಲಿ ಸೇರಿದಾಗ ಮೇಲೆ ಹೋಗದೆ ದಾರಿಯಿಲ್ಲ. ಹೂಕೋಸಿನಂಥ ಮೊದಲ ಮೋಡ ಅಲ್ಲೇ ಕಾಣುವುದು ಇದಕ್ಕೇ. ಪಾವಗಡ, ಮಧುಗಿರಿಯಿಂದ ರಾಮನಗರದವರೆಗೆ ಉತ್ತರ-ದಕ್ಷಿಣವಾಗಿ ಚಾಚಿರುವ ಗ್ರಾನೈಟ್ ಸಾಲಿಗೂ ಇದೇ ಮಾತು.

ಆದರೆ ಬಿಸಿಲೊಂದೇ ಸಾಲದು, ತೇವ ಬೇಕು. ಬೇಸಿಗೆಯಲ್ಲಿ ಅದು ಬಹುಪಾಲು ಬಂಗಾಳ ಕೊಲ್ಲಿ ಕಡೆಯ ಮೂಡಣ ಗಾಳಿಯ ಜೊತೆ ಬರುತ್ತದೆ. ಇಬ್ಬನಿ ಬಿಂದು 20 ದಾಟಿದ ದಿನ ಸಂಜೆಯತ್ತ ಕಣ್ಣಿಡಿ. 14-15ರಲ್ಲೇ ನಿಂತಿದ್ದರೆ ಮೋಡ ಬೆಟ್ಟದ ಮೇಲೆ ಹುಟ್ಟಿ ಅಲ್ಲೇ ಕರಗುವುದೇ ಹೆಚ್ಚು.

ಹುಟ್ಟಿದ ಕಡೆಯೇ ಸುರಿಯಬೇಕೆಂದೂ ಇಲ್ಲ. ಮೋಡ ಬಲಿತು ಮಳೆಯಾಗಲು ಅರ್ಧದಿಂದ ಒಂದು ಗಂಟೆ ಬೇಕು. ಅಷ್ಟರಲ್ಲಿ ಮೇಲ್ಗಾಳಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದರೂ ಮೋಡ 10ರಿಂದ 20 ಕಿಲೋಮೀಟರ್ ಸರಿದಿರುತ್ತದೆ. ಆ ಗಾಳಿಯ ದಿಕ್ಕು ದಿನದಿನಕ್ಕೂ ಬೇರೆ. ‘ಬೆಟ್ಟದ ಈ ಮಗ್ಗುಲಿಗೆ ಮಳೆ ಜಾಸ್ತಿ’ ಎಂದು ನಂಬಿ ಜಮೀನು ಕೊಳ್ಳುವುದು ದುಡುಕು.

‘ಗಾಳಿ ಬಂದು ಮಳೆ ಹಾರಿಸ್ಕೊಂಡ್ ಹೋಯ್ತು’ ಎನ್ನುತ್ತಾರಲ್ಲ, ಆ ತಣ್ಣನೆ ಬಿರುಗಾಳಿ ಸಾಮಾನ್ಯವಾಗಿ ಪಕ್ಕದೂರಲ್ಲಿ ಆಗಲೇ ಬಿದ್ದ ಮಳೆಯದೇ. ಹನಿ ಆವಿಯಾಗಿ ಗಾಳಿ ತಣಿದು, ಭಾರವಾಗಿ ಕೆಳಗಿಳಿದು ನೆಲದುದ್ದಕ್ಕೂ ಹರಡುತ್ತದೆ. ನಿಮ್ಮ ಬಿಸಿಗಾಳಿಯ ಕೆಳಗೆ ನುಗ್ಗಿ ಅದನ್ನೆತ್ತಿದರೆ ಹೊಸ ಮೋಡ. ನೆಲವನ್ನು ಪೂರ್ತಿ ತಣಿಸಿಬಿಟ್ಟರೆ ಆವತ್ತಿಗೆ ಮಳೆ ಮುಗಿದಂತೆ. ದ್ರಾಕ್ಷಿ ಚಪ್ಪರ, ಪಾಲಿಹೌಸ್ ಮುರಿಯುವುದೂ ಹೆಚ್ಚಾಗಿ ಈ ಗಾಳಿಗೇ.

ಇನ್ನು ಬೆಂಗಳೂರು. ಕಾಂಕ್ರೀಟ್ ಕಾದು ಗಾಳಿಯನ್ನು ಮೇಲೆ ತಳ್ಳುತ್ತದೆ, ಎತ್ತರದ ಕಟ್ಟಡಗಳು ಗಾಳಿಯ ವೇಗ ಕುಗ್ಗಿಸಿ ಒಟ್ಟುಗೂಡಿಸುತ್ತವೆ, ಕೆಲವೊಮ್ಮೆ ಬರುವ ಮೋಡವನ್ನು ಇಬ್ಭಾಗವಾಗಿಸಿ ಅಂಚಿಗೆ ಸರಿಸುತ್ತವೆ. ಹೊಗೆ, ಧೂಳಿನ ಪಾತ್ರ ಎರಡಲಗಿನದು: ಹನಿಗಳು ಸಣ್ಣದಾಗಿ ಮಳೆ ತಡವಾಗಬಹುದು, ತೇವ ಚೆನ್ನಾಗಿದ್ದರೆ ತಡವಾದ ಮಳೆ ಜೋರಾಗಿಯೂ ಬೀಳಬಹುದು. 1970ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಮೆಟ್ರೋಮೆಕ್ಸ್ ಅಧ್ಯಯನದಲ್ಲಿ ನಗರ ದಾಟಿ ಗಾಳಿ ಸಾಗುವ ಕಡೆ ಬೇಸಿಗೆ ಮಳೆ ಹೆಚ್ಚಿದ್ದು ಕಂಡಿತು. ಅಲ್ಲಿ ಕಂಡ ಹೆಚ್ಚಳದ ಲೆಕ್ಕವನ್ನು ಇಲ್ಲಿಗೆ ಹಾಗೇ ತಂದು ಅಂಟಿಸಲಾಗದು. ಮೂಡಣ ಗಾಳಿಯ ದಿನ ‘ನಗರ ದಾಟಿದ ಕಡೆ’ ಎಂದರೆ ತುಮಕೂರು. ಜೂನ್‌ನಲ್ಲಿ ಪಡುವಣ ಗಾಳಿ ಹಿಡಿದ ಮೇಲೆ ಅದೇ ಕೋಲಾರ.

ಕೆರೆ ತುಂಬಿಸಿದ್ದಕ್ಕೇ ಮಳೆ ಹೆಚ್ಚಾಯಿತು ಎಂಬ ವಾದ ಕೋಲಾರ ಕಡೆ ಕೇಳುತ್ತದೆ. 100 ಹೆಕ್ಟೇರ್ ಕೆರೆಯಿಂದ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ 6,000 ಘನಮೀಟರ್. 100 ಚದರ ಕಿಲೋಮೀಟರಿಗೆ 50 ಮಿಲಿಮೀಟರ್ ಮಳೆ ಎಂದರೆ 50 ಲಕ್ಷ ಘನಮೀಟರ್. ಕೆರೆ ತುಂಬಿದರೆ ಬೋರ್‌ವೆಲ್‌ಗೆ ಲಾಭ, ಮೋಡಕ್ಕಲ್ಲ.

ನಿಮ್ಮ ತೋಟದ ಮಳೆ ತಿಳಿಯಲು ನಿಮ್ಮದೇ ಅಳತೆ ಬೇಕು. ಬಾಯಿ 16 ಸೆಂಟಿಮೀಟರ್ ಅಗಲದ ಆಲಿಕೆಯನ್ನು ಕ್ಯಾನಿಗೆ ಬಿಗಿದು, ಬಾಯಿ ನೆಲದಿಂದ 30 ಸೆಂಟಿಮೀಟರ್ ಮೇಲಿರುವಂತೆ ಮಟ್ಟಸವಾಗಿ ನಿಲ್ಲಿಸಿ; 20 ಮಿಲಿಲೀಟರ್ ನೀರು ಒಂದು ಮಿಲಿಮೀಟರ್ ಮಳೆ. ಮರ, ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಲಿ. ತಾರಸಿ ಬೇಡ, ಅಲ್ಲಿ ಗಾಳಿಗೆ ಹನಿ ಓರೆಯಾಗಿ ಅಳತೆ ಕಡಿಮೆ ಬರುತ್ತದೆ. ಆಳವಿಲ್ಲದ ಆಲಿಕೆಯಿಂದ ಹನಿ ಸಿಡಿದು, ಆಲಿಕಲ್ಲು ಪುಟಿದು ಆಚೆ ಹೋಗುತ್ತವೆ. ಬೆಳಿಗ್ಗೆ 8.30ಕ್ಕೆ ಅಳೆದರೆ ಹವಾಮಾನ ಇಲಾಖೆಯ ಅಂಕಿಗೆ ಹೋಲಿಸಬಹುದು. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಅವರ ಲೆಕ್ಕದಲ್ಲಿ ಭಾರೀ ಮಳೆ. ಮಳೆ ಶುರುವಾದ ಹೊತ್ತು, ನಿಂತ ಹೊತ್ತು, ಮೋಡ ಬಂದ ದಿಕ್ಕನ್ನೂ ಪಕ್ಕದಲ್ಲೇ ಬರೆದಿಡಿ: 30 ಮಿಲಿಮೀಟರ್ ಅರ್ಧ ಗಂಟೆಯಲ್ಲಿ ಸುರಿದರೆ ಕೆಮ್ಮಣ್ಣಿನ ಮೇಲ್ಪದರ ಗಟ್ಟಿಯಾಗಿ ನೀರು ಬಹುಪಾಲು ಹಳ್ಳ ಸೇರುತ್ತದೆ, ಆರು ಗಂಟೆಯಲ್ಲಾದರೆ ನೆಲಕ್ಕಿಳಿಯುತ್ತದೆ.