ಹಳೆಯ ಗದ್ದೆಯಲ್ಲಿ ನೀರು ನಿಲ್ಲಿಸುವ ಮುನ್ನ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಕೆಳಗೆ ಹಡಿಲು ಬಿದ್ದ ಗದ್ದೆಯೊಂದಿದೆ. ಕೊಟ್ಟಿಗೆ ತೊಳೆದ ನೀರೂ ಅಡಿಕೆ ತೋಟದ ಬಸಿಗಾಲುವೆಯ ನೀರೂ ಅದರ ಪಕ್ಕದ ಹಳ್ಳಕ್ಕೆ ಬಿದ್ದು ತುಂಗೆಯನ್ನು ಸೇರುತ್ತವೆ. ಆ ನೀರನ್ನು ಗದ್ದೆಯಲ್ಲೇ ತಡೆದು, ಜೊಂಡು ಬೆಳೆಸಿ, ತಿಳಿಯಾದ ಮೇಲೆ ಹಳ್ಳಕ್ಕೆ ಬಿಡುವಂತಹ ಜೌಗು ನಿರ್ಮಿಸಬೇಕೆಂಬುದು ನನ್ನ ಬಹುದಿನಗಳ ಆಸೆ. ಆದರೆ ದಶಕಗಳ ಕಾಲ ಗೊಬ್ಬರ ಉಂಡ ಮಣ್ಣಿನ ಮೇಲೆ ನೀರು ನಿಲ್ಲಿಸಿದರೆ, ಆ ಜೌಗೇ ಹಳ್ಳಕ್ಕೆ ರಂಜಕವನ್ನು ಬಿಡತೊಡಗಬಹುದು.

ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದು, ಮಣ್ಣಿನಲ್ಲಿ ಗಾಳಿಯಾಡುತ್ತಿರುವಷ್ಟು ಕಾಲ ಅದು ರಂಜಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ನೀರು ನಿಂತು ಮಣ್ಣಿನ ಆಮ್ಲಜನಕ ಮುಗಿದಾಗ ಸೂಕ್ಷ್ಮಜೀವಿಗಳು ಆ ಕಬ್ಬಿಣವನ್ನು ಕರಗುವ ರೂಪಕ್ಕೆ ತಿರುಗಿಸುತ್ತವೆ, ಹಿಡಿತ ಸಡಿಲಿ ರಂಜಕವೂ ನೀರಿಗೆ ಬರುತ್ತದೆ. ಗದ್ದೆಯ ಅಂಚಿನಲ್ಲಿ ಕಾಣುವ ತುಕ್ಕಿನ ಬಣ್ಣದ ಕೆಸರು ಹೀಗೆ ಕರಗಿ ಬಂದು ಮತ್ತೆ ಗಾಳಿ ಸೋಕಿದ ಕಬ್ಬಿಣವೇ. ನೈಟ್ರೇಟ್ ರೂಪದ ಸಾರಜನಕವಾದರೆ ಜೌಗಿನಲ್ಲಿ ಅನಿಲವಾಗಿ ಹಾರಿಹೋಗಬಲ್ಲದು. ರಂಜಕಕ್ಕೆ ಅಂತಹ ದಾರಿಯಿಲ್ಲ, ಅದನ್ನು ಮಣ್ಣಿನಲ್ಲೇ ಹಿಡಿದಿಡಬೇಕು. ಅಮೆರಿಕದ ಫ್ಲಾರಿಡಾದಲ್ಲಿ ಎವರ್‌ಗ್ಲೇಡ್ಸ್ ಜೌಗುನಾಡಿನ ನೀರಿಗೆ ಲೀಟರಿಗೆ 10 ಮೈಕ್ರೊಗ್ರಾಂ ರಂಜಕವೆಂಬ ಮಿತಿಯನ್ನು ಇಟ್ಟಿರುವುದನ್ನು ನೋಡಿದರೆ, ಎಷ್ಟು ಕಡಿಮೆ ರಂಜಕವೂ ನೀರಿನ ಸಸ್ಯಸಂಕುಲವನ್ನು ಬದಲಿಸಬಲ್ಲದೆಂಬುದು ತಿಳಿಯುತ್ತದೆ.

ಕುಡಿಯುವ ನೀರನ್ನು ತಿಳಿಗೊಳಿಸಲು ಬಳಸುವ ಆಲಂನಲ್ಲಿರುವ ಅಲ್ಯೂಮಿನಿಯಂ ಆಮ್ಲಜನಕವಿಲ್ಲದ ಕೆಸರಿನಲ್ಲೂ ರಂಜಕವನ್ನು ಬಿಡುವುದಿಲ್ಲ. ಆದರೆ ಆಲಂ ಮಣ್ಣನ್ನು ಹುಳಿಯಾಗಿಸುತ್ತದೆ. ಮಲೆನಾಡಿನ ಮಣ್ಣು ಮೊದಲೇ ಹುಳಿ, ಪಿಎಚ್ 5.5ಕ್ಕಿಂತ ಇಳಿದರೆ ಅಲ್ಯೂಮಿನಿಯಂ ತಾನೇ ಕರಗಿ ಬೇರಿಗೂ ಮೀನಿಗೂ ವಿಷವಾಗುತ್ತದೆ. ಸುಣ್ಣವೊಂದನ್ನೇ ಹಾಕುವುದೂ ಸಾಲದು, ಏಕೆಂದರೆ ಕ್ಯಾಲ್ಸಿಯಂ ಹಿಡಿದ ರಂಜಕ ಹುಳಿ ಮಣ್ಣಿನಲ್ಲಿ ಮತ್ತೆ ಕರಗುತ್ತದೆ.

ಕಳೆದ ಬೇಸಿಗೆಯಲ್ಲಿ ಅದೇ ಗದ್ದೆಯ ಮಣ್ಣನ್ನು ಮೂರು ಗಾಜಿನ ಭರಣಿಗಳಿಗೆ ತುಂಬಿ, ಹಿಡಿದಿಟ್ಟ ಮಳೆನೀರು ಹಾಕಿ ಮೂರು ವಾರ ಮುಚ್ಚಿಟ್ಟೆ. ರಂಜಕ ಹೆಚ್ಚಿದ್ದಷ್ಟೂ ನೀರನ್ನು ಗಾಢ ನೀಲಿಯಾಗಿಸುವ, ಅಕ್ವೇರಿಯಂನವರು ಬಳಸುವ ಪರೀಕ್ಷಾ ದ್ರಾವಣ ಹಾಕಿದಾಗ ಬರೀ ಮಣ್ಣಿನ ನೀರು ಕಡುನೀಲಿಯಾಯಿತು. ಆಲಂ ಬೆರೆಸಿದ್ದು ತೀರ ತೆಳುವಾಗಿತ್ತು, ಆದರೆ ಅದರ ಪಿಎಚ್ 5ಕ್ಕಿಂತ ಕೆಳಗಿಳಿದಿತ್ತು. ಆಲಂ ಜೊತೆಗೆ, ಬೋರ್ಡೋ ದ್ರಾವಣಕ್ಕೆಂದು ತಂದಿದ್ದ ಸುಣ್ಣವನ್ನೂ ಬೆರೆಸಿದ ಭರಣಿಯಲ್ಲಿ ಬಣ್ಣವೂ ತೆಳು, ಪಿಎಚ್ ಕೂಡ 6ರ ಆಸುಪಾಸು. ಆ ಮೂರನೆಯ ಭರಣಿಯ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ಕೊಟ್ಟಿಗೆಯ ನೀರಿನಲ್ಲಿ ಬರುವ ಸಾರಜನಕದ ಇನ್ನೊಂದು ರೂಪವಾದ ಅಮೋನಿಯಾವನ್ನು ಆಲಂ, ಸುಣ್ಣ ಎರಡೂ ಹಿಡಿಯುವುದಿಲ್ಲ. ಅದಕ್ಕೆ ಜೊಂಡನ್ನು ಆಗಾಗ ಕೊಯ್ದು ಹೊರಗೆ ಸಾಗಿಸುವುದೂ, ಅದು ನೈಟ್ರೇಟ್ ಆಗಿ ಬದಲಾಗುವಂತೆ ನಡುನಡುವೆ ನೀರಿಳಿಸಿ ಮಣ್ಣಿಗೆ ಗಾಳಿ ಕೊಡುವುದೂ ಆಗಬೇಕು. ಈ ಬೇಸಿಗೆಯಲ್ಲಿ ಗದ್ದೆಯ ಕಾಲು ಭಾಗಕ್ಕೆ ಮಾತ್ರ ಬದು ಹಾಕಿ, ಸುಣ್ಣ ಮತ್ತು ಆಲಂ ಬೆರೆಸಿ ಉತ್ತು, ಮುಂಗಾರಿನ ಮೊದಲ ನೀರು ನಿಂತ ಮೇಲೆ ಪ್ರತಿ ವಾರ ಹಳ್ಳದ ಬಾಯಿಯಲ್ಲಿ ನೀರು ತೆಗೆದು ಪರೀಕ್ಷಿಸಲಿದ್ದೇನೆ.